ಬೆಂಗಳೂರಿಂದ ದುರ್ಗಕ್ಕೆ ಬರುವಾಗ ಬೈಕ್ ಮೈಲೇಜ್ ಯಾಕೆ ಬೀಳುತ್ತೆ? ಬಂಕ್‌ನವರನ್ನ ಬೈಯೋ ಮುಂಚೆ ಗಾಳಿ ನೋಡಿ

ಚಿತ್ರದುರ್ಗ: ಶನಿವಾರ ಡ್ಯೂಟಿ ಮುಗಿಸಿ ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ ಕಡೆಯಿಂದ ಬೈಕ್‌ನಲ್ಲೇ ಊರಿಗೆ ಬರುವವರು ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಜನ ಇದ್ದಾರೆ. ಬಸ್ಸಿಗೆ ಕಾಯೋ ತಾಪತ್ರಯ ಇಲ್ಲ, ಊರಲ್ಲಿ ಎರಡು ದಿನ ಓಡಾಡೋಕೂ ಗಾಡಿ ಇರುತ್ತೆ ಅನ್ನೋದು ಲೆಕ್ಕ. ಆದರೆ ಮಳೆಗಾಲ ಶುರುವಾದ ಮೇಲೆ ಈ ಲೆಕ್ಕ ತಪ್ಪುತ್ತೆ. ಬೆಂಗಳೂರಿಗೆ ಹೋಗುವಾಗ ಆರಾಮಾಗಿ ಸಾಕಾದ ಪೆಟ್ರೋಲ್, ಊರಿಗೆ ಬರುವಾಗ ಹಿರಿಯೂರು ದಾಟೋ ಹೊತ್ತಿಗೆ ಮುಳ್ಳು ಕೆಳಗಿಳಿಸಿರುತ್ತೆ. ಅದೇ ಗಾಡಿ, ಅದೇ ಹೈವೇ, ಅದೇ ಸುಮಾರು 200 ಕಿ.ಮೀ. ದೂರ.

ಆಗ ಮೊದಲ ಬೈಗುಳ ಬೀಳೋದು ಪೆಟ್ರೋಲ್ ಬಂಕ್‌ಗೆ, ಎರಡನೆಯದು ಮೆಕ್ಯಾನಿಕ್‌ಗೆ. ಪ್ಲಗ್ ಹೊಸದು ಹಾಕಿಸಿ, ಟ್ಯೂನಿಂಗ್ ಮಾಡಿಸಿ, ಬಂಕ್ ಬದಲಿಸಿ ನೋಡಿದ್ರೂ ಸಮಾಧಾನ ಇಲ್ಲ. ಈ ಖರ್ಚೆಲ್ಲ ಮಾಡೋ ಮುಂಚೆ ಒಂದು ವಿಷಯ ತಿಳಿದಿರಬೇಕು. ಗಾಡಿ ಕಂಡೀಷನ್ ಸುಮಾರಾಗಿ ಸರಿ ಇದ್ರೆ, ಹೈವೇಯಲ್ಲಿ ಮೈಲೇಜ್ ಹೆಚ್ಚು ಕಮ್ಮಿ ಮಾಡೋ ದೊಡ್ಡ ಕಾರಣಗಳು ಎರಡೇ. ಒಂದು, ಸವಾರನ ಕೈಯಲ್ಲಿರೋ ಆಕ್ಸಿಲೇಟರ್. ಇನ್ನೊಂದು, ಎದುರಿಗೆ ಬೀಸೋ ಗಾಳಿ. ಉಳಿದಿದ್ದೆಲ್ಲ ಆಮೇಲಿನ ಮಾತು.

ಹೈವೇಯಲ್ಲಿ ಪೆಟ್ರೋಲ್ ಉರಿಯೋದು ಯಾತಕ್ಕೆ?

ಸಿಟಿ ಒಳಗೆ ಪೆಟ್ರೋಲ್ ಹೆಚ್ಚು ಹೋಗೋದು ನಿಲ್ಲಿಸಿ, ಮತ್ತೆ ಎಬ್ಬಿಸಿ, ಮತ್ತೆ ಬ್ರೇಕ್ ಹಿಡಿಯೋದಕ್ಕೆ. ಹೈವೇಯಲ್ಲಿ ಒಂದೇ ಸ್ಪೀಡ್‌ನಲ್ಲಿ ಹೋಗ್ತಿರುವಾಗ ಎಂಜಿನ್‌ಗೆ ಮುಖ್ಯವಾಗಿ ಎರಡು ಕೆಲಸ. ಟೈರ್ ಉರುಳಿಸೋದು, ಮುಂದಿರೋ ಗಾಳಿಯನ್ನು ಸೀಳಿಕೊಂಡು ಹೋಗೋದು. ಟೈರ್ ಉರುಳಿಸೋಕೆ ಬೇಕಾದ ಬಲ 50ರಲ್ಲಿ ಹೋದ್ರೂ 80ರಲ್ಲಿ ಹೋದ್ರೂ ದೊಡ್ಡ ವ್ಯತ್ಯಾಸ ಆಗಲ್ಲ. ಗಾಳಿ ಹಾಗಲ್ಲ. ಸ್ಪೀಡ್ ಎರಡು ಪಟ್ಟು ಆದ್ರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 100 ಅಂತ ಇಟ್ಕೊಂಡ್ರೆ, ಲೆಕ್ಕ ಹೀಗೆ ಬರುತ್ತೆ:

- 60ರಲ್ಲಿ: 144
- 70ರಲ್ಲಿ: 196
- 80ರಲ್ಲಿ: 256
- 90ರಲ್ಲಿ: 324
- 100ರಲ್ಲಿ: 400

ಕಾರಿಗೆ ಹೋಲಿಸಿದ್ರೆ ಬೈಕ್ ಸಣ್ಣದು, ಗಾಳಿ ಏನ್ ಮಹಾ ತಡೆಯುತ್ತೆ ಅನ್ನಿಸಬಹುದು. ಆದರೆ ಕಾರಿನ ಮೈ ಗಾಳಿ ಜಾರಿ ಹೋಗೋ ಹಾಗೆ ನಯವಾಗಿ ಮಾಡಿರ್ತಾರೆ. ಬೈಕ್ ಮೇಲೆ ಎದೆ ಕೊಟ್ಟು ಕೂತ ಮನುಷ್ಯ ಗಾಳಿಗೆ ನಿಲ್ಲಿಸಿದ ಹಲಗೆ ಇದ್ದ ಹಾಗೆ. ಹ್ಯಾಂಡಲ್, ಕನ್ನಡಿ, ಮೊಣಕಾಲು, ಎಂಜಿನ್, ಎಲ್ಲಾ ಕಡೆ ಗಾಳಿ ಸಿಕ್ಕಿ ಸುಳಿ ಆಗುತ್ತೆ. ಸಾಮಾನ್ಯ ಬೈಕ್‌ನಲ್ಲಿ 60 ದಾಟುವ ಹೊತ್ತಿಗೇ ಚಕ್ರಕ್ಕೆ ತಲುಪುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ ಜೊತೆ ಗುದ್ದಾಡೋಕೇ ಹೋಗುತ್ತೆ.

ಹಾಗಂತ 80ರಲ್ಲಿ ಹೋದ್ರೆ ಪೆಟ್ರೋಲ್ ಕೂಡ ಎರಡೂವರೆ ಪಟ್ಟು ಆಗುತ್ತೆ ಅಂತಲ್ಲ. ಟೈರಿನ ಪಾಲು ಹಾಗೇ ಇರುತ್ತೆ. ಎಂಜಿನ್ ಕೂಡ ತೀರಾ ಹಗುರ ಕೆಲಸ ಮಾಡುವಾಗ ಪೆಟ್ರೋಲನ್ನ ಅಷ್ಟು ಚೆನ್ನಾಗಿ ಬಳಸಲ್ಲ, ಸ್ವಲ್ಪ ಭಾರ ಬಿದ್ದಾಗ ಚೆನ್ನಾಗಿ ಬಳಸುತ್ತೆ. ಆದ್ರಿಂದ ಮೈಲೇಜ್ ಬೀಳೋದು ಈ ಪಟ್ಟಿಯಷ್ಟು ಜೋರಾಗಿ ಅಲ್ಲ. ಬೀಳೋದಂತೂ ನಿಜ.

ಟೈಮ್ ಎಷ್ಟು ಉಳಿಯುತ್ತೆ, ದುಡ್ಡು ಎಷ್ಟು ಹೋಗುತ್ತೆ

ಒಂದು ಉದಾಹರಣೆ ಲೆಕ್ಕ ನೋಡೋಣ. 60ರಲ್ಲಿ ಲೀಟರ್‌ಗೆ 55 ಕೊಡೋ ಗಾಡಿ, 80ರಲ್ಲಿ 45 ಕೊಡುತ್ತೆ ಅಂತ ಇಟ್ಕೊಳ್ಳಿ. ಬೆಂಗಳೂರಿಂದ ಚಿತ್ರದುರ್ಗಕ್ಕೆ 200 ಕಿ.ಮೀ. ನಿಲ್ಲದೆ ಬಂದ್ರೆ 60ರಲ್ಲಿ 3 ಗಂಟೆ 20 ನಿಮಿಷ, 80ರಲ್ಲಿ ಎರಡೂವರೆ ಗಂಟೆ. ಉಳಿಯೋದು 50 ನಿಮಿಷ. ಪೆಟ್ರೋಲ್ 3.6 ಲೀಟರ್ ಬದಲು 4.4 ಲೀಟರ್ ಆಗುತ್ತೆ. ಸುಲಭಕ್ಕೆ ಲೀಟರ್‌ಗೆ 100 ರೂಪಾಯಿ ಹಿಡಿದ್ರೂ ಒಂದು ಸಲಕ್ಕೆ 80 ರೂಪಾಯಿ, ಹೋಗಿ ಬರೋಕೆ 160. ತಿಂಗಳಿಗೆ ಎರಡು ಸಲ ಊರಿಗೆ ಬರುವವರಿಗೆ 320 ರೂಪಾಯಿ, ವರ್ಷಕ್ಕೆ 3,840 ರೂಪಾಯಿ. ಗಾಡಿಯ ಇನ್ಶೂರೆನ್ಸ್, ಒಂದು ಸರ್ವಿಸ್ ಎರಡೂ ಹೆಚ್ಚು ಕಮ್ಮಿ ಈ ದುಡ್ಡಲ್ಲಿ ಮುಗಿಯುತ್ತೆ.

ಅದೂ ಅಲ್ಲದೆ ಆ 50 ನಿಮಿಷ ಪೂರ್ತಿ ಕೈಗೆ ಸಿಗೋದೂ ಕಷ್ಟ. ತುಮಕೂರು ಟ್ರಾಫಿಕ್, ಕಾಮಗಾರಿ ನಡೆಯೋ ಕಡೆ ಸರ್ವಿಸ್ ರಸ್ತೆ, ಟೀ ಕುಡಿಯೋ ಬ್ರೇಕ್ ಎಲ್ಲ ಸೇರಿದ್ರೆ ಜೋರಾಗಿ ಬಂದವರೂ ನಿಧಾನ ಬಂದವರೂ ಎಷ್ಟೋ ಸಲ ಹಿಂದೆ ಮುಂದೆ ಅಷ್ಟೇ. ಜೋರಾಗಿ ಬಂದವರು ಜಾಸ್ತಿ ಸಲ ಬ್ರೇಕ್ ಹಿಡಿದಿರ್ತಾರೆ. ಗಾಡಿ, ಸವಾರ ಸೇರಿ 200 ಕೆ.ಜಿ. ಇದ್ರೆ, ನಿಂತಲ್ಲಿಂದ 80ಕ್ಕೆ ಎಬ್ಬಿಸೋಕೆ ಅಂತಲೇ 6–7 ಮಿ.ಲೀ. ಪೆಟ್ರೋಲ್ ಬೇಕು. 60ಕ್ಕಾದ್ರೆ 4 ಮಿ.ಲೀ. ಒಳಗೆ ಆಗುತ್ತೆ. ಬ್ರೇಕ್ ಹಿಡಿದ ತಕ್ಷಣ ಅದಷ್ಟೂ ಬ್ರೇಕ್ ಲೈನರ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಮುಂದೆ ಜಂಕ್ಷನ್ ಕಂಡ ಕೂಡಲೇ ಆಕ್ಸಿಲೇಟರ್ ಬಿಟ್ಟು, ಗಾಡಿ ತಾನಾಗಿ ನಿಧಾನ ಆಗೋಕೆ ಬಿಡೋದೇ ಉಳಿತಾಯ.

ಕಾನೂನಿನ ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಬೈಕ್‌ಗೆ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. ಅದಕ್ಕಿಂತ ಕಮ್ಮಿ ಬೋರ್ಡ್ ಹಾಕಿರೋ ಕಡೆ ಆ ಬೋರ್ಡ್‌ನ ಮಿತಿಯೇ ಅಂತಿಮ.

ದುರ್ಗದ ಗಾಳಿ ಸುಮ್ನೆ ಅಲ್ಲ

ಈಗ ಎರಡನೇ ಕಾರಣಕ್ಕೆ ಬರೋಣ. ಚಿತ್ರದುರ್ಗದ ಸುತ್ತ ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ, ಹೈವೇಯ ಆಚೆ ಈಚೆ ಗಾಳಿಯಂತ್ರಗಳು ನಿಂತಿರೋದು ನೋಡೋ ಚೆಂದಕ್ಕಲ್ಲ. ಇಲ್ಲಿ ಗಾಳಿ ಜೋರು, ಅದಕ್ಕೇ ಹಾಕಿದ್ದಾರೆ. ಕರೆಂಟ್ ಕೊಡೋ ಅದೇ ಗಾಳಿ, ಕೆಳಗೆ ಹೈವೇಯಲ್ಲಿ ಬೈಕ್‌ನವರ ಪೆಟ್ರೋಲ್ ತಿನ್ನುತ್ತೆ.

ಮುಂಗಾರಿನಲ್ಲಿ, ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಬರೋದು ಪಶ್ಚಿಮ ಮತ್ತು ನೈಋತ್ಯದ ಕಡೆಯಿಂದ. ಆಷಾಢದ ಗಾಳಿ ಅಂತ ಹಿರಿಯರು ಹೇಳೋದು ಇದನ್ನೇ. ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಕಡೆಗೆ ಹೆಚ್ಚು ಕಮ್ಮಿ ವಾಯುವ್ಯ ದಿಕ್ಕಿಗೆ ಸಾಗುತ್ತೆ. ಹಾಗಾಗಿ ಊರಿಗೆ ಬರುವವರಿಗೆ ಗಾಳಿ ಎಡಗಡೆಯಿಂದ, ಮುಂದಿನಿಂದ ಓರೆಯಾಗಿ ಹೊಡೆಯುತ್ತೆ. ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ವಾಪಸ್ ಹೋಗುವಾಗ ಅದೇ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳುತ್ತೆ. ಹೋಗುವಾಗ ಒಂದು ಮೈಲೇಜ್, ಬರುವಾಗ ಒಂದು ಮೈಲೇಜ್ ಆಗೋ ಗುಟ್ಟು ಇಲ್ಲಿದೆ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನೋದನ್ನ ಮೇಲಿನ ಪಟ್ಟಿಯಲ್ಲೇ ನೋಡಬಹುದು. ಮೀಟರ್‌ನಲ್ಲಿ 60 ಇದೆ, ಎದುರಿಗೆ ಗಂಟೆಗೆ 20 ಕಿ.ಮೀ. ವೇಗದ ಗಾಳಿ ಇದೆ ಅಂದ್ರೆ, ಎದೆಗೆ ಬಡಿಯೋ ಗಾಳಿ 80ರದ್ದು. ತಡೆ 144 ಅಲ್ಲ, 256. ಅದೇ ಗಾಳಿ ಬೆನ್ನ ಹಿಂದಿದ್ರೆ ಎದೆಗೆ ಬಡಿಯೋದು ಬರೀ 40ರದ್ದು, ತಡೆ 64. ಒಂದೇ ಗಾಡಿ, ಒಂದೇ ಸ್ಪೀಡ್, ಗಾಳಿಯ ತಡೆ ಮಾತ್ರ ನಾಲ್ಕು ಪಟ್ಟು ವ್ಯತ್ಯಾಸ. ಇನ್ನೊಂದು ವಿಷಯ: ಎದುರುಗಾಳಿಯಲ್ಲಿ ಕಳೆದುಕೊಂಡಿದ್ದು ಹಿಂದಿನ ಗಾಳಿಯಲ್ಲಿ ಪೂರ್ತಿ ವಾಪಸ್ ಸಿಗಲ್ಲ. 256 ಮತ್ತು 64ರ ಸರಾಸರಿ 160. ಗಾಳಿಯೇ ಇಲ್ಲದ ದಿನದ 144ಕ್ಕಿಂತ ಅದು ಜಾಸ್ತಿಯೇ.

ನಮ್ಮ ಹೈವೇಯಲ್ಲಿ ಗಾಳಿ ಪೂರ್ತಿ ಎದುರಿಗೆ ಬರಲ್ಲ, ಓರೆಯಾಗಿ ಬರುತ್ತೆ. ಹಾಗಾಗಿ ವ್ಯತ್ಯಾಸ ಇಷ್ಟು ದೊಡ್ಡದಿರಲ್ಲ. ಆದರೆ ನೇರ ಪಕ್ಕದಿಂದ ಬೀಸೋ ಗಾಳಿಯೂ ಪುಕ್ಕಟೆ ಅಲ್ಲ. ಗಾಡಿ ಮುಂದಕ್ಕೆ ಹೋಗ್ತಿರುವಾಗ ಅದು ಎದುರಿನ ಗಾಳಿ ಜೊತೆ ಸೇರಿಕೊಂಡು ತಡೆ ಹೆಚ್ಚು ಮಾಡುತ್ತೆ. ಚಿತ್ರದುರ್ಗದಿಂದ ಹೊಸಪೇಟೆ ಕಡೆ ಉತ್ತರಕ್ಕೆ ಹೋಗುವವರಿಗೆ ಸಿಗೋದು ಈ ಪಕ್ಕದ ಗಾಳಿ. ಹೊಳಲ್ಕೆರೆ ಮೂಲಕ ಶಿವಮೊಗ್ಗ ಕಡೆ ಹೋಗುವವರಿಗೆ ಮುಂಗಾರಿನಲ್ಲಿ ಸಿಗೋದು ಹೆಚ್ಚು ಕಮ್ಮಿ ನೇರ ಎದುರುಗಾಳಿ.

ಗಾಳಿ ಯಾವ ಕಡೆಯಿಂದ ಅಂತ ತಿಳಿಯೋಕೆ ಮೊಬೈಲ್ ಬೇಕಿಲ್ಲ. ತಿರುಗ್ತಿರೋ ಗಾಳಿಯಂತ್ರದ ರೆಕ್ಕೆಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಗಾಳಿ ಬರ್ತಿದೆ ಅಂತ ಅರ್ಥ. ಗಾಳಿ ಬರೋ ದಿಕ್ಕಿಗೆ ತಾನೇ ತಿರುಗಿ ನಿಲ್ಲೋ ಹಾಗೆ ಆ ಯಂತ್ರ ಮಾಡಿರ್ತಾರೆ. ಮುಖ ನಿಮ್ಮ ಕಡೆ ಇಲ್ಲದೆ ಬೆನ್ನು ಕಾಣ್ತಿದ್ರೆ, ನೀವು ಗಾಳಿಗೆ ಎದುರಾಗಿ ಹೋಗ್ತಿದೀರಿ.

ಸಾಮಾನ್ಯವಾಗಿ ನೆಲಮಟ್ಟದ ಗಾಳಿ ಬೆಳಗಿನ ಜಾವ ಕಮ್ಮಿ, ಬಿಸಿಲೇರಿದ ಮೇಲೆ ಮಧ್ಯಾಹ್ನ, ಸಂಜೆ ಜೋರು. ಶನಿವಾರ ಮಧ್ಯಾಹ್ನ ಹೊರಟವರು ಗಾಳಿ ಜೋರಾಗಿರೋ ಹೊತ್ತಿಗೇ ದುರ್ಗದ ಬಯಲಿಗೆ ಬರ್ತಾರೆ. ರಜೆ ಇದ್ರೆ ಭಾನುವಾರ ಬೆಳಕು ಹರಿದ ತಕ್ಷಣ ಹೊರಡೋದು ಮೈಲೇಜ್‌ಗೂ ಒಳ್ಳೇದು, ಜೀವಕ್ಕೂ ಒಳ್ಳೇದು. ಗಾಳಿ ಜೋರಿರೋ ದಿನ 10 ಕಿ.ಮೀ. ಸ್ಪೀಡ್ ಇಳಿಸಿದ್ರೆ ಕಳೆದುಕೊಳ್ಳೋ ಪೆಟ್ರೋಲ್‌ನಲ್ಲಿ ಒಳ್ಳೆ ಪಾಲು ಉಳಿಯುತ್ತೆ. ಲಾರಿ ದಾಟಿದ ಕೂಡಲೇ ಗಾಳಿ ಒಮ್ಮೆಗೇ ಬಂದು ತಳ್ಳೋದರಿಂದ, ಹ್ಯಾಂಡಲ್ ಮೇಲೆ ಹಿಡಿತ ಉಳಿಸಿಕೊಳ್ಳೋಕೂ ಸ್ಪೀಡ್ ಕಮ್ಮಿ ಇರಬೇಕು.

ಬೆಂಗಳೂರು ಎತ್ತರದಲ್ಲಿದೆ ಅಲ್ವಾ?

ಕೆಲವರು ಇದನ್ನೂ ಕೇಳ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಅಂದ್ರೆ ಊರಿಗೆ ಬರೋದು ಇಳಿಜಾರು, ಮೈಲೇಜ್ ಜಾಸ್ತಿ ಬರಬೇಕಿತ್ತು. ಲೆಕ್ಕ ಹಾಕಿದ್ರೆ 200 ಕೆ.ಜಿ. ತೂಕವನ್ನ 190 ಮೀಟರ್ ಮೇಲೆ ಎತ್ತೋಕೆ ಬೇಕಾಗೋದು ಸುಮಾರು 50 ಮಿ.ಲೀ. ಪೆಟ್ರೋಲ್. ಸಣ್ಣ ಲೋಟದ ಅರ್ಧ ಟೀಯಷ್ಟು. ನಾಲ್ಕು ಲೀಟರ್ ಕುಡಿಯೋ ಪ್ರಯಾಣದಲ್ಲಿ ಅದು ಲೆಕ್ಕಕ್ಕೇ ಸಿಗಲ್ಲ. ಇಳಿಜಾರು ಕೊಡೋ ಲಾಭವನ್ನ ಎದುರುಗಾಳಿ ಹತ್ತಿಪ್ಪತ್ತು ಕಿ.ಮೀ. ಒಳಗೇ ತಿಂದುಬಿಡುತ್ತೆ. ಚಾರ್ಮಾಡಿ, ಆಗುಂಬೆ ಥರದ ಘಾಟಿಯಲ್ಲಿ ಮಾತ್ರ ಏರಿಕೆ ದೊಡ್ಡ ವಿಷಯ.

100 ಸಿಸಿಗೆ ಬೇರೆ, 150 ಸಿಸಿಗೆ ಬೇರೆ

ಎಲ್ಲಾ ಗಾಡಿಗೂ ಒಂದೇ ಸ್ಪೀಡ್ ಸರಿ ಹೋಗಲ್ಲ. 100–110 ಸಿಸಿ ಗಾಡಿಯ ಎಂಜಿನ್ ಹೆಚ್ಚೆಂದ್ರೆ 8 ಎಚ್‌ಪಿ ಆಸುಪಾಸು ಶಕ್ತಿ ಕೊಡುತ್ತೆ. ಅದರಲ್ಲಿ 80ರಲ್ಲಿ ಹೋಗೋದು ಅಂದ್ರೆ ಇರೋ ಶಕ್ತಿಯಲ್ಲಿ ಬಹುಪಾಲು ಹಿಂಡಿ ತೆಗೆದ ಹಾಗೆ. ಎದುರುಗಾಳಿ ಸೇರಿದ್ರೆ ಆಕ್ಸಿಲೇಟರ್ ಪೂರ್ತಿ ತಿರುವಿದ್ರೂ ಗಾಡಿ ಏಳಲ್ಲ. ಆಗಲೇ ಕಂಪನಿಯವರು ಹೇಳಿದ ಮೈಲೇಜ್‌ಗೂ ಕೈಗೆ ಬಂದಿದ್ದಕ್ಕೂ ಅಜಗಜಾಂತರ ಆಗೋದು. ಈ ಗಾಡಿಗಳಿಗೆ ಟಾಪ್ ಗೇರ್‌ನಲ್ಲಿ 50ರಿಂದ 60 ಹಿತವಾದ ಸ್ಪೀಡ್. 150–160 ಸಿಸಿ ಗಾಡಿಗೆ 60ರಿಂದ 70 ಸಲೀಸು. ದೊಡ್ಡ ಎಂಜಿನ್‌ನ ಗಾಡಿ 80ರಲ್ಲಿ ಸುಸ್ತಾಗಲ್ಲ ನಿಜ, ಗಾಳಿ ಮಾತ್ರ ಅದನ್ನೂ ಬಿಡಲ್ಲ.

ಮೈಲೇಜ್ ಬೇಕು ಅಂತ ಟಾಪ್ ಗೇರ್‌ನಲ್ಲೇ 30ರಲ್ಲಿ ಎಳೆಯೋದೂ ತಪ್ಪು. ಎಂಜಿನ್ ಗುದ್ದುತ್ತೆ, ಚೈನ್ ಹೊಡೆದುಕೊಳ್ಳುತ್ತೆ, ಉಳಿತಾಯವೂ ಆಗಲ್ಲ.

ಜಾಹೀರಾತಿನ ಮೈಲೇಜ್ ಬಗ್ಗೆಯೂ ಒಂದು ಮಾತು. ಆ ಸಂಖ್ಯೆ ಸುಳ್ಳು ಅಂತಲ್ಲ. ಅದು ಬರೋದು ಲ್ಯಾಬ್‌ನಲ್ಲಿ, ರೋಲರ್ ಮೇಲೆ ಗಾಡಿ ಓಡಿಸಿ, ಯಾವ ಸೆಕೆಂಡಿಗೆ ಎಷ್ಟು ಸ್ಪೀಡ್ ಅಂತ ಮೊದಲೇ ಗೊತ್ತು ಮಾಡಿದ ಪಟ್ಟಿ ಪ್ರಕಾರ. ಅಲ್ಲಿ ಆಷಾಢದ ಗಾಳಿ ಇಲ್ಲ, ಹಿಂದೆ ಅಕ್ಕಿ ಮೂಟೆಯೂ ಇಲ್ಲ. ಎರಡು ಗಾಡಿ ಹೋಲಿಸೋಕೆ ಅದು ಉಪಯೋಗ, ಊರಿಗೆ ಹೋಗೋ ಪೆಟ್ರೋಲ್ ಲೆಕ್ಕಕ್ಕೆ ಅಲ್ಲ.

ಲಗೇಜ್: ತೂಕಕ್ಕಿಂತ ಅಗಲ ಕೆಟ್ಟದ್ದು

ಸಮತಟ್ಟಾದ ಹೈವೇಯಲ್ಲಿ ತೂಕದ ಪೆಟ್ಟು ಜನ ಅಂದುಕೊಂಡಷ್ಟು ಇಲ್ಲ. ತೂಕ ಕಾಡೋದು ಏರಿಕೆಯಲ್ಲಿ, ಪದೇ ಪದೇ ನಿಲ್ಲಿಸಿ ಹೊರಡೋ ಕಡೆ. ಹೈವೇಯಲ್ಲಿ ಕಾಡೋದು ಆಚೆ ಈಚೆ ಚಾಚಿಕೊಂಡ ಲಗೇಜ್. ಎರಡೂ ಬದಿಗೆ ಉಬ್ಬಿದ ಬ್ಯಾಗ್, ಹ್ಯಾಂಡಲ್‌ಗೆ ನೇತು ಹಾಕಿದ ಕವರ್, ಅಡ್ಡಡ್ಡ ಕಟ್ಟಿದ ಚೀಲ, ಪಟಪಟ ಹೊಡೆದುಕೊಳ್ಳೋ ಜರ್ಕಿನ್, ಇವೆಲ್ಲ ಗಾಳಿಗೆ ಹಿಡಿದ ಕೊಡೆ ಇದ್ದ ಹಾಗೆ. ಒಬ್ಬರೇ ಬರ್ತಿದ್ರೆ ಬ್ಯಾಗನ್ನ ಸೀಟಿನ ಮೇಲೆ, ಬೆನ್ನಿನ ನೆರಳಲ್ಲಿ ಬರೋ ಹಾಗೆ ಉದ್ದಕ್ಕೆ ಬಿಗಿಯಾಗಿ ಕಟ್ಟಿ. ಜರ್ಕಿನ್ ಜಿಪ್ ಪೂರ್ತಿ ಎಳೆಯಿರಿ, ಹೆಲ್ಮೆಟ್ ಗ್ಲಾಸ್ ಇಳಿಸಿ.

ಹಿಂದೆ ಕೂತವರು ಹತ್ತಿರ ಕೂತ್ರೆ ಗಾಳಿಯ ತಡೆ ಅಷ್ಟಾಗಿ ಹೆಚ್ಚಲ್ಲ, ಯಾಕಂದ್ರೆ ಅವರು ಮುಂದಿನವರ ಮರೆಯಲ್ಲಿ ಇರ್ತಾರೆ. ಹಿಂದೆ ಭಾರ ಬಿದ್ದಾಗ ಟೈರಿಗೆ ಗಾಳಿ ಸರಿ ಇರಬೇಕು, ಅಷ್ಟೇ.

ಟೈರ್, ಚೈನ್, ಬ್ರೇಕ್: ಹತ್ತು ನಿಮಿಷದ ಕೆಲಸ

ಸ್ಪೀಡ್, ಗಾಳಿ ಬಿಟ್ರೆ ನಂತರದ ಸ್ಥಾನ ಟೈರಿಗೆ. ಗಾಳಿ ಕಮ್ಮಿ ಇರೋ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಒತ್ತಿಕೊಂಡು, ಬಿಸಿಯಾಗಿ, ಪೆಟ್ರೋಲ್ ತಿನ್ನುತ್ತೆ. ಎಷ್ಟು ಗಾಳಿ ಬೇಕು ಅಂತ ಗಾಡಿಯ ಚೈನ್ ಕವರ್ ಅಥವಾ ಹಿಂದಿನ ಫೋರ್ಕ್ ಮೇಲಿನ ಸ್ಟಿಕ್ಕರ್‌ನಲ್ಲಿ, ಇಲ್ಲದಿದ್ರೆ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಹೊರಡೋ ಮುಂಚೆ ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಬೇಕು. ಐವತ್ತು ಕಿ.ಮೀ. ಓಡಿಸಿ ಬಿಸಿಯಾದ ಮೇಲೆ ನೋಡಿದ್ರೆ ಮೀಟರ್ ಜಾಸ್ತಿ ತೋರಿಸುತ್ತೆ, ಸರಿ ಇದೆ ಅನ್ನೋ ಭ್ರಮೆ ಆಗುತ್ತೆ. ಪೆಟ್ರೋಲ್ ಬಂಕ್‌ನಲ್ಲಿ ಟೈರಿಗೆ ಗಾಳಿ ಉಚಿತವಾಗಿ ಕೊಡಬೇಕು ಅನ್ನೋದು ನಿಯಮ. ಕೇಳೋಕೆ ಸಂಕೋಚ ಬೇಡ.

ಚೈನ್ ಒಣಗಿದ್ರೆ, ತುಂಬಾ ಬಿಗಿ ಇದ್ರೆ ಶಕ್ತಿ ಅಲ್ಲೇ ಸೋರುತ್ತೆ. ಬಯಲುಸೀಮೆ ಧೂಳಲ್ಲಿ ಚೈನ್ ಬೇಗ ಒಣಗುತ್ತೆ. ಸರ್ವಿಸ್‌ನವರೆಗೆ ಕಾಯದೆ ಐನೂರು ಕಿ.ಮೀ.ಗೊಮ್ಮೆ ಒರೆಸಿ ಚೈನ್ ಲ್ಯೂಬ್ ಅಥವಾ ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿದ್ರೆ ಸಾಕು. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ತಕ್ಷಣ ನಿಂತ್ರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಚೈನ್ ಬಿಗಿ ಇದೆ. ಕೆಲವರಿಗೆ ಕಾಲನ್ನ ಬ್ರೇಕ್ ಪೆಡಲ್ ಮೇಲೇ ಇಟ್ಕೊಂಡು ಓಡಿಸೋ ಅಭ್ಯಾಸ, ಕೆಲವರಿಗೆ ಕ್ಲಚ್ ಮೇಲೆ ಎರಡು ಬೆರಳು ಇಟ್ಟೇ ಇರೋ ಅಭ್ಯಾಸ. ಎರಡೂ ಮೈಲೇಜ್‌ಗೆ ಕುತ್ತು.

ಏರ್ ಫಿಲ್ಟರ್ ಧೂಳು ತುಂಬಿದ್ರೆ, ಅದರಲ್ಲೂ ಹಳೇ ಕಾರ್ಬೊರೇಟರ್ ಗಾಡಿಗಳಲ್ಲಿ, ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಆಗಿ ಹೊಗೆ ಬರುತ್ತೆ. ಜಲ್ಲಿ ಕ್ರಷರ್, ಮಣ್ಣು ರಸ್ತೆ ಕಡೆ ಓಡಾಡೋ ಗಾಡಿಗೆ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಬೇಗ ಕ್ಲೀನ್ ಮಾಡಿಸಬೇಕಾಗುತ್ತೆ. ಚಳಿಗಾಲದ ಬೆಳಿಗ್ಗೆ ಎಳೆದ ಚೋಕ್ ವಾಪಸ್ ಹಾಕೋಕೆ ಮರೆಯೋದು ಕಾರ್ಬೊರೇಟರ್ ಗಾಡಿಯವರ ಇನ್ನೊಂದು ಮಾಮೂಲಿ ತಪ್ಪು.

ಇ20 ಪೆಟ್ರೋಲ್ ಪಾತ್ರ ಎಷ್ಟು?

ಮೈಲೇಜ್ ಬಿದ್ರೆ ಈಗ ಎಲ್ಲರೂ ಬೊಟ್ಟು ಮಾಡೋದು ಎಥನಾಲ್ ಕಡೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಪ್ರಧಾನಿ ನರೇಂದ್ರ ಮೋದಿ 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಚಾಲನೆ ಕೊಟ್ಟಿದ್ದರು. ಮೊದಲು 2030ಕ್ಕೆ ಇಟ್ಟಿದ್ದ ಗುರಿಯನ್ನ ಸರ್ಕಾರ 2025ಕ್ಕೆ ಹಿಂದಕ್ಕೆ ತಂದಿತ್ತು.

ಒಂದು ಲೀಟರ್ ಎಥನಾಲ್‌ನಲ್ಲಿ ಇರೋ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಆದ್ರಿಂದ ಮೈಲೇಜ್ ಸ್ವಲ್ಪ ಬೀಳೋದು ನಿಜ. ಎಷ್ಟು? ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯಲ್ಲಿ, ಇ10ಗೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಬಳಸಿದ್ರೆ ಶೇ 3ರಿಂದ 4ರಷ್ಟು ಮೈಲೇಜ್ ಕಮ್ಮಿ ಆಗಬಹುದು ಅಂತ ಅಂದಾಜಿಸಿತ್ತು. ಅಂದ್ರೆ 50 ಕೊಡ್ತಿದ್ದ ಗಾಡಿ 48 ಕೊಡಬಹುದು. 50 ಇದ್ದಿದ್ದು 40ಕ್ಕೆ ಬಿದ್ದಿದ್ರೆ ಬರೀ ಎಥನಾಲ್ ಬೈದು ಪ್ರಯೋಜನ ಇಲ್ಲ, ಬೇರೆ ಕಾರಣ ಹುಡುಕಬೇಕು. ಎಥನಾಲ್ ನೀರಿನ ಅಂಶ ಎಳೆದುಕೊಳ್ಳುತ್ತೆ. ಹಳೇ ಗಾಡಿ ಇದ್ದವರು ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪ್, ರಬ್ಬರ್ ಭಾಗಗಳನ್ನ ನೋಡಿಸಿಕೊಳ್ಳೋದು ಒಳ್ಳೇದು.

ಬಂಕ್ ಮೇಲೆ ಅನುಮಾನ ಇದ್ರೆ

ಅನುಮಾನ ಇದ್ರೆ ಬೈಯೋದಕ್ಕಿಂತ ಅಳೆಯೋದು ಉತ್ತಮ. ಪ್ರತಿ ಬಂಕ್‌ನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುವ 5 ಲೀಟರ್ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಕೇಳಿದ್ರೆ ಅದರಲ್ಲಿ ಅಳೆದು ತೋರಿಸಬೇಕು. ಪೆಟ್ರೋಲ್ ಹಾಕಿಸುವಾಗ ಮೀಟರ್ ಸೊನ್ನೆ ನೋಡೋದು ಮಾತ್ರ ಯಾವತ್ತೂ ಮರೀಬೇಡಿ.

ನೂರರ ಬದಲು 110 ರೂಪಾಯಿಗೆ ಹಾಕಿಸಿದ್ರೆ ಮೋಸ ಆಗಲ್ಲ, ಬೆಳಿಗ್ಗೆ ತಣ್ಣಗಿರುವಾಗ ಹಾಕಿಸಿದ್ರೆ ಜಾಸ್ತಿ ಬರುತ್ತೆ ಅನ್ನೋ ಮಾತುಗಳೂ ಓಡಾಡ್ತಿರುತ್ತೆ. ಬಂಕ್ ಟ್ಯಾಂಕ್ ಇರೋದು ನೆಲದ ಒಳಗೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿ ಅಷ್ಟು ಬದಲಾಗಲ್ಲ. 5 ಡಿಗ್ರಿ ಬದಲಾಯ್ತು ಅಂತಲೇ ಇಟ್ಕೊಂಡ್ರೂ 5 ಲೀಟರ್‌ಗೆ ಆಗೋ ವ್ಯತ್ಯಾಸ ಸುಮಾರು 30 ಮಿ.ಲೀ.

ನಿಮ್ಮ ಗಾಡಿ ನಿಜವಾಗಿ ಎಷ್ಟು ಕೊಡುತ್ತೆ?

ಡಿಸ್‌ಪ್ಲೇಯಲ್ಲಿ ತೋರಿಸೋ ಮೈಲೇಜ್ ಒಂದು ಅಂದಾಜು ಅಷ್ಟೇ. ಸರಿಯಾಗಿ ತಿಳಿಯೋಕೆ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಲೆಕ್ಕ ಹಾಕಬೇಕು.

1. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಟ್ಯಾಂಕ್ ಬಾಯಿಯ ಕೆಳಗಿನ ಗುರುತಿನವರೆಗೆ ಪೆಟ್ರೋಲ್ ಹಾಕಿಸಿ. ತುಳುಕೋ ಹಾಗೆ ಬೇಡ.
2. ಮೀಟರ್‌ನಲ್ಲಿ ಕಿ.ಮೀ. ಎಷ್ಟಿದೆ ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.
3. ಕನಿಷ್ಠ 150–200 ಕಿ.ಮೀ. ಓಡಿಸಿ. ಅದಕ್ಕಿಂತ ಕಮ್ಮಿ ಓಡಿಸಿದ್ರೆ ಲೆಕ್ಕ ಏರುಪೇರಾಗುತ್ತೆ.
4. ಮತ್ತೆ ಅದೇ ಗುರುತಿನವರೆಗೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತು ಅಂತ ಬಿಲ್ ಇಟ್ಕೊಳ್ಳಿ.
5. ಓಡಿದ ಕಿ.ಮೀ.ಯನ್ನ ಲೀಟರ್‌ನಿಂದ ಭಾಗಿಸಿ. 212 ಕಿ.ಮೀ. ಓಡಿ 4.6 ಲೀಟರ್ ಹಿಡಿದ್ರೆ ಮೈಲೇಜ್ 46.

ಬೆಂಗಳೂರಿಗೆ ಹೋಗೋದು ಒಂದು, ಬರೋದು ಒಂದು ಅಂತ ಬೇರೆ ಬೇರೆ ಬರೆದಿಡಿ. ಎರಡು ತಿಂಗಳು ಬರೆದ್ರೆ ಗಾಳಿ ಎಷ್ಟು ತಿಂತು, ಆಕ್ಸಿಲೇಟರ್ ಎಷ್ಟು ತಿಂತು ಅಂತ ನಿಮಗೇ ಗೊತ್ತಾಗುತ್ತೆ. ಎರಡೂ ಕಡೆ, ಎಲ್ಲಾ ದಿನವೂ ಒಂದೇ ಸಮ ಬೀಳ್ತಿದ್ರೆ ಮಾತ್ರ ಗ್ಯಾರೇಜ್‌ಗೆ ಹೋಗಿ. ಆ ಚೀಟಿ ಕೈಯಲ್ಲಿದ್ರೆ ಮೆಕ್ಯಾನಿಕ್‌ಗೂ ಕೆಲಸ ಸುಲಭ.

ಈ ಎರಡು ಕೆಲಸ ಮಾತ್ರ ಬೇಡ

ಮೊದಲನೆಯದು, ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಅಥವಾ ಗಾಡಿ ಆಫ್ ಮಾಡಿ ಬಿಡೋದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌6 ಗಾಡಿಗಳಲ್ಲಿ ಬಹುತೇಕ ಎಲ್ಲವೂ ಫ್ಯೂಯಲ್ ಇಂಜೆಕ್ಷನ್. ಗೇರ್‌ನಲ್ಲೇ ಇದ್ದು ಆಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿದ್ರೆ ಇವು ಸಾಮಾನ್ಯವಾಗಿ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆಫ್ ಆಗದಿರಲಿ ಅಂತ ಪೆಟ್ರೋಲ್ ಉರಿಸ್ತಾನೇ ಇರುತ್ತವೆ. ಉಳಿಸೋಕೆ ಹೋಗಿ ಖರ್ಚು ಮಾಡಿದ ಹಾಗೆ. ಎಂಜಿನ್ ಹಿಡಿತವೂ ಇಲ್ಲದೆ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತೆ.

ಎರಡನೆಯದು, ಲಾರಿ, ಬಸ್ಸಿನ ಹಿಂದೆ ಅಂಟಿಕೊಂಡು ಹೋಗೋದು. ದೊಡ್ಡ ಗಾಡಿಯ ಹಿಂದೆ ಗಾಳಿ ತಡೆ ಕಮ್ಮಿ ಇರೋದು ನಿಜ, ಆಕ್ಸಿಲೇಟರ್ ಹಗುರ ಆಗೋದು ಕೈಗೂ ಗೊತ್ತಾಗುತ್ತೆ. ಆದರೆ 60ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಗಾಡಿ 16 ಮೀಟರ್‌ಗಿಂತ ಮುಂದೆ ಹೋಗಿರುತ್ತೆ. ಮುಂದಿನ ಲಾರಿ ಬ್ರೇಕ್ ಹಾಕಿದ್ದು ಕಂಡು ಕೈ ಬ್ರೇಕ್ ಮೇಲೆ ಹೋಗೋ ಹೊತ್ತಿಗೆ ಲಾರಿಯೇ ಎದುರಿಗೆ ಇರುತ್ತೆ. ಲಾರಿಯ ಅಡಿಯಿಂದ ಬರೋ ಗುಂಡಿ, ಟೈರ್ ಚೂರು, ಸತ್ತ ನಾಯಿ ಯಾವುದೂ ಮೊದಲೇ ಕಾಣಲ್ಲ. ಅರ್ಧ ಲೀಟರ್ ಪೆಟ್ರೋಲ್‌ಗೆ ಜೀವ ಅಡ ಇಡೋ ವ್ಯಾಪಾರ ಇದು.

ಹೊರಡೋ ಮುಂಚೆ

- ಟೈರ್ ತಣ್ಣಗಿರುವಾಗ ಗಾಳಿ ಚೆಕ್, ಚೈನ್‌ಗೆ ಆಯಿಲ್, ಹಿಂದಿನ ಚಕ್ರ ತಿರುಗಿಸಿ ನೋಡೋದು.
- ಲಗೇಜ್ ಅಗಲಕ್ಕೆ ಬೇಡ, ಉದ್ದಕ್ಕೆ ಬಿಗಿಯಾಗಿ ಕಟ್ಟಿ.
- ಸಾಧ್ಯ ಆದ್ರೆ ಬೆಳಕು ಹರಿದ ಕೂಡಲೇ ಹೊರಡಿ.
- ಸಣ್ಣ ಗಾಡಿಗೆ 50–60, ಸ್ವಲ್ಪ ದೊಡ್ಡದಕ್ಕೆ 60–70. ಗಾಳಿ ಜೋರಿದ್ರೆ 10 ಕಮ್ಮಿ.
- ಪೆಟ್ರೋಲ್ ಲೆಕ್ಕವನ್ನ ಒಳ್ಳೆ ದಿನದ ಮೈಲೇಜ್ ಮೇಲೆ ಹಾಕಬೇಡಿ. 50 ಕೊಡೋ ಗಾಡಿ ಆದ್ರೆ ಮುಂಗಾರಿನಲ್ಲಿ ಊರ ಕಡೆ ಬರುವಾಗ 40 ಅಂತ ಹಿಡಿದು ಹಾಕಿಸಿ. ಶಿರಾ ಅಥವಾ ಹಿರಿಯೂರಲ್ಲಿ ಒಮ್ಮೆ ಟ್ಯಾಂಕ್ ನೋಡಿ. ರಾತ್ರಿ ಹೊತ್ತು ಹೈವೇ ಅಂಚಲ್ಲಿ ಗಾಡಿ ತಳ್ಳಿಕೊಂಡು ಹೋಗೋ ಪರಿಸ್ಥಿತಿ ಯಾರಿಗೂ ಬೇಡ.